ಸವೆತ ಅಂದರೆ ಮುಗೀತು ಅಂತಲ್ಲ

ಕುತ್ತಿಗೆ ನೋವಿಗೆ ನಮ್ಮೂರಲ್ಲಿ ಎರಡೇ ಹೆಸರು. ನಾಲ್ಕು ದಿನದಲ್ಲಿ ಹೋದರೆ ಅದು ಉಳುಕು. ಹೋಗದಿದ್ದರೆ ಸವೆತ. ಉಳುಕಿಗೆ ಎಣ್ಣೆ ತಿಕ್ಕುವವರಿದ್ದಾರೆ, ಬಿಸಿನೀರಿನ ಶಾಖ ಇದೆ. ಸವೆತಕ್ಕೆ ಮಾತ್ರ ಏನೂ ಇಲ್ಲ ಎಂದೇ ಎಲ್ಲರ ನಂಬಿಕೆ. ಸವೆದ ಚಪ್ಪಲಿ ಮತ್ತೆ ದಪ್ಪ ಆಗುತ್ತದೆಯೇ? ಮೂಳೆಯೂ ಹಾಗೇ ಅಲ್ಲವೇ?

ನನ್ನ ಅಮ್ಮನೂ ಹಾಗೇ ನಂಬಿದ್ದಳು. ಆ ಒಂದು ಪದ ಅವಳ ಎರಡು ವರ್ಷ ತಿಂದುಹಾಕಿತು. ನೋವಿಗಿಂತ ಹೆಚ್ಚಾಗಿ ಆ ಪದ.

ನಮ್ಮದು ಸಾಗರದ ಕಡೆ. ಇಲ್ಲಿ ಕೊನೆ ಕೊಯ್ಲು ಶುರುವಾದರೆ ಹಸಿ ಅಡಿಕೆ ಕಾಯುವುದಿಲ್ಲ. ಇವತ್ತು ಕೊಯ್ದದ್ದನ್ನು ಬೇಗ ಸುಲಿದು ಹಂಡೆಗೆ ಹಾಕಿ ಬೇಯಿಸಬೇಕು. ಈಗ ಸುಲಿಯುವ ಯಂತ್ರ ಬಂದಿದೆ, ಆದರೂ ಬಹಳ ಮನೆಗಳಲ್ಲಿ ಮೆಟ್ಟುಗತ್ತಿಯೇ. ಹೆಂಗಸರು ಸಾಲಾಗಿ ಕೂತು, ತಲೆ ಬಗ್ಗಿಸಿ, ರಾತ್ರಿ ಹನ್ನೊಂದರವರೆಗೂ ಸುಲಿಯುತ್ತಾರೆ. ಸುಲಿದ ಲೆಕ್ಕಕ್ಕೆ ಕೂಲಿ. ಅಮ್ಮ ಹದಿನಾಲ್ಕನೇ ವಯಸ್ಸಿನಿಂದ ಇದನ್ನೇ ಮಾಡಿದವಳು. ಈಗ ಅವಳಿಗೆ ಐವತ್ಮೂರು.

ನೋವು ಶುರುವಾದಾಗ ಮೆಡಿಕಲ್ ಶಾಪಿನ ಮಾತ್ರೆ ನುಂಗಿದಳು. ನುಂಗಿದ ದಿನ ಕಡಿಮೆ, ಮರುದಿನ ಮತ್ತೆ ಅದೇ. ತಿಂಗಳುಗಟ್ಟಲೆ ಹೀಗೇ ಆಗಿ ಹೊಟ್ಟೆ ಉರಿ ಬೇರೆ ಶುರುವಾಯಿತು. ಆಮೇಲೆ ಒಂದು ಕಡೆ ತೋರಿಸಿದೆವು. ಎಕ್ಸ್‌ರೇ ಆಯಿತು. ಅದನ್ನು ಬೆಳಕಿಗೆ ಹಿಡಿದು, "ಮೂಳೆ ಸವೆದಿದೆ. ತಗ್ಗಿ ಕೆಲಸ ಮಾಡಬೇಡಿ, ಭಾರ ಎತ್ತಬೇಡಿ, ಬೆಲ್ಟ್ ಹಾಕಿಕೊಳ್ಳಿ" ಅಂದರು. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಚೀಟಿಯಲ್ಲಿ "ಸರ್ವೈಕಲ್ ಸ್ಪಾಂಡಿಲೋಸಿಸ್" ಅಂತ ಬರೆದಿತ್ತು. ಹಾಗೆಂದರೆ ಏನು ಅಂತ ಯಾರೂ ಹೇಳಲಿಲ್ಲ.

ಹೇಳದೇ ಬಿಟ್ಟ ಜಾಗವನ್ನು ಹೆದರಿಕೆ ತುಂಬಿತು. ಅಮ್ಮ ಕೊಡಪಾನ ಎತ್ತುವುದು ಬಿಟ್ಟಳು. ಬೈಕಿನಲ್ಲಿ ಕೂರುವುದು ಬಿಟ್ಟಳು. ಅಣ್ಣನ ಮಗು ಕೈ ಚಾಚಿದರೆ, "ಬ್ಯಾಡ ಮಾರಾಯಾ, ಅಜ್ಜಿ ಕುತ್ತಿಗೆ ಮುರದು ಹೋಗ್ತದೆ" ಅಂತ ಹಿಂದೆ ಸರಿಯುತ್ತಿದ್ದಳು. ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸುತ್ತಿದ್ದಳು. ಅಡಿಕೆ ಸುಲಿಯಲು ಹೋಗದೆ ಕೂಲಿ ಹೋಯಿತು. ಅದರ ಜೊತೆ ರಾತ್ರಿ ಹತ್ತು ಜನ ಸೇರಿ ಆಡುತ್ತಿದ್ದ ಮಾತು, ನಗು, ಊರ ಸುದ್ದಿ ಎಲ್ಲವೂ ಹೋಯಿತು. ಇಷ್ಟೆಲ್ಲ ಬಿಟ್ಟರೂ ನೋವು ಮಾತ್ರ ಹಾಗೇ ಇತ್ತು.

ಎರಡು ವರ್ಷದ ನಂತರ ಇನ್ನೊಂದು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಸಿಕ್ಕರು. ಅವರು ಮೊದಲು ಮಾಡಿದ್ದು ವ್ಯಾಯಾಮ ಅಲ್ಲ. ಅಮ್ಮನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ನಿಮ್ಮ ಮನೆಯಲ್ಲೂ ಒಂದು ಎಕ್ಸ್‌ರೇ ಕವರ್ ಬೀರುವಿನಲ್ಲಿ ಇರಬಹುದು, ಹಾಗಾಗಿ ಅವರಿಂದ ತಿಳಿದದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಸವೆತದ ವಿಷಯ. ನಮ್ಮ ಕುತ್ತಿಗೆಯಲ್ಲಿ ಇರುವುದು 7 ಮೂಳೆ. ಅಷ್ಟುದ್ದ ಕುತ್ತಿಗೆಯ ಜಿರಾಫೆಗೂ 7 ಮೂಳೆಯೇ. ನಮ್ಮ ಈ ಏಳು ಮೂಳೆ ಸುಮಾರು 5 ಕೆಜಿ ತೂಕದ ತಲೆಯನ್ನು ಹೊರುತ್ತವೆ. ಮೂಳೆಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇದೆ. ವಯಸ್ಸಾದ ಹಾಗೆ ಆ ಮೆತ್ತೆ ತೆಳ್ಳಗಾಗುತ್ತದೆ, ಅಲ್ಲಲ್ಲಿ ಉಬ್ಬುತ್ತದೆ, ಮೂಳೆಯ ಅಂಚು ಸ್ವಲ್ಪ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಸವೆತ ಅಂದರೆ ಬಹುತೇಕ ಇದೇ. ತಲೆಗೂದಲು ನೆರೆಯುವ ಹಾಗೆ, ಮುಖಕ್ಕೆ ಸುಕ್ಕು ಬರುವ ಹಾಗೆ.

ಇದು ಬರೀ ಸಮಾಧಾನದ ಮಾತಲ್ಲ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂಆರ್‌ಐ ಸ್ಕ್ಯಾನ್ ಮಾಡಿ ನೋಡಿದರು. 2015ರಲ್ಲಿ ಅದರ ವರದಿ ಬಂತು. ಅವರಲ್ಲಿ ನೂರಕ್ಕೆ 87 ಜನರಿಗಿಂತ ಹೆಚ್ಚು ಮಂದಿಯ ಡಿಸ್ಕ್ ಉಬ್ಬಿತ್ತು. ಇಪ್ಪತ್ತು ಮೂವತ್ತರ ಪ್ರಾಯದವರಲ್ಲೂ ಬಹಳ ಜನರಿಗೆ ಇತ್ತು. ಅವರ್ಯಾರಿಗೂ ನೋವಿರಲಿಲ್ಲ. ಅಂದರೆ ಚಿತ್ರದಲ್ಲಿ ಸವೆತ ಕಂಡ ಮಾತ್ರಕ್ಕೆ ನೋವು ಅಲ್ಲಿಂದಲೇ ಬಂದಿದೆ ಎನ್ನಲಾಗದು. ಕುತ್ತಿಗೆ ಮುರಿದು ಬೀಳುತ್ತದೆ ಎಂದಂತೂ ಅಲ್ಲವೇ ಅಲ್ಲ.

ಎರಡನೆಯದು ನೋವಿನ ವಿಷಯ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ಹಳೆಯ ನೋವು, ದೀರ್ಘಕಾಲದ ನೋವು ಎನ್ನುತ್ತಾರೆ. ಅದರ ಗುಣವೇ ಬೇರೆ. ಮೇಡಂ ಅಮ್ಮನಿಗೆ ಹೇಳಿದ್ದು ಹೀಗೆ: "ನಿಮ್ಮನೆ ನಾಯಿ ಕಳ್ಳ ಬಂದರೆ ಬೊಗಳ್ತದೆ. ಒಂದು ಸಲ ಹೆದರಿದ ನಾಯಿ ಆಮೇಲೆ ಎಲೆ ಬಿದ್ದರೂ ಬೊಗಳ್ತದೆ. ಬೊಗಳಿತು ಅಂದ ಕೂಡಲೇ ಕಳ್ಳ ಬಂದ ಅಂತ ಅಲ್ಲ ಅಮ್ಮಾ." ನೋವು ಸುಳ್ಳಲ್ಲ. ನಾಯಿ ನಿಜವಾಗಿಯೂ ಬೊಗಳುತ್ತಿದೆ. ಆದರೆ ಒಳಗೆ ಪ್ರತಿ ಸಲವೂ ಏನೋ ಹರಿಯುತ್ತಿದೆ, ಮುರಿಯುತ್ತಿದೆ ಎಂದಲ್ಲ. ನಿದ್ದೆ ಕೆಟ್ಟರೆ, ಸಾಲದ ಚಿಂತೆ ಹೆಚ್ಚಿದರೆ, ಹೆದರಿಕೆಯಾದರೆ ನಾಯಿ ಜಾಸ್ತಿ ಬೊಗಳುತ್ತದೆ. ಅಮ್ಮನಿಗೆ ಈ ಮಾತು ಹಿಡಿಸಿತು. ಈಗಲೂ ನೋವು ಬಂದ ದಿನ, "ಇವತ್ತು ನಾಯಿ ಕಾಟ" ಎನ್ನುತ್ತಾಳೆ.

ಮೂರನೆಯದಕ್ಕೆ ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ವ್ಯಾಯಾಮ ಮಾಡಬೇಕು ಎಂದಾಗ, "ಬೆಳಿಗ್ಗೆ ಎದ್ದರೆ ರಾತ್ರಿ ತನಕ ದುಡಿಯೋದೇ ಆಗ್ಯದೆ. ಇನ್ನೆಂಥ ವ್ಯಾಯಾಮ?" ಅಂದಳು. ನಮ್ಮ ಎಲ್ಲ ಅಮ್ಮಂದಿರ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೇ. ಉತ್ತರ ಏನೆಂದರೆ, ದುಡಿಮೆಯಲ್ಲಿ ಸ್ನಾಯುವಿಗೆ ಆಯ್ಕೆ ಇಲ್ಲ. ಮೆಟ್ಟುಗತ್ತಿ ಮುಂದೆ ಕೂತರೆ ಕುತ್ತಿಗೆಯ ಹಿಂದಿನ ಸ್ನಾಯು ತಲೆಯನ್ನು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಹಿಡಿದುಕೊಂಡೇ ಇರುತ್ತದೆ. ಬಿಡುವಿಲ್ಲ, ಅಲುಗಾಟವಿಲ್ಲ. ವ್ಯಾಯಾಮದಲ್ಲಿ ಸ್ವಲ್ಪ ಭಾರ, ಆಮೇಲೆ ವಿಶ್ರಾಂತಿ, ಮುಂದಿನ ವಾರ ಇನ್ನೊಂದು ಚೂರು ಹೆಚ್ಚು ಭಾರ. ಹೀಗೆ ಮಾಡಿದಾಗ ಸ್ನಾಯು ಬಲವಾಗುತ್ತದೆ. ಬಲವಾದ ಸ್ನಾಯುವಿಗೆ ಅದೇ ಕೆಲಸ ಹಗುರ. ಕುತ್ತಿಗೆಗೆ ಬೆಲ್ಟ್ ಹಾಕಿ ತಿಂಗಳುಗಟ್ಟಲೆ ಕೂತರೆ ಇದರ ಉಲ್ಟಾ. ಸ್ನಾಯು ಸೊರಗುತ್ತದೆ.

ಫಿನ್‌ಲೆಂಡಿನಲ್ಲಿ ಹಳೆಯ ಕುತ್ತಿಗೆ ನೋವಿದ್ದ 180 ಹೆಂಗಸರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನ ಇದು. ಒಂದು ಗುಂಪು ರಬ್ಬರ್ ಪಟ್ಟಿಯ ಎದುರು ಕುತ್ತಿಗೆಗೆ ಬಲ ಕೊಡುವ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಮಲಗಿ ತಲೆ ಎತ್ತುವಂಥ ಹಗುರ ವ್ಯಾಯಾಮ ಮಾಡಿತು. ಮೂರನೆಯ ಗುಂಪಿಗೆ ಮೈ ಚಾಚುವುದು ಮತ್ತು ನಡಿಗೆಯಂಥ ಚಟುವಟಿಕೆಯ ಸಲಹೆ ಮಾತ್ರ. ನೋವು ಬಹುಪಾಲು ಅಥವಾ ಪೂರ್ತಿ ಹೋಯಿತು ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 73, ಎರಡನೆಯದರಲ್ಲಿ 59, ಮೂರನೆಯದರಲ್ಲಿ 21. ಡೆನ್ಮಾರ್ಕಿನಲ್ಲಿ 198 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ಅಲ್ಲಿ ರಬ್ಬರ್ ಟ್ಯೂಬ್ ಹಿಡಿದು ಕೈಗಳನ್ನು ಪಕ್ಕಕ್ಕೆ ಎತ್ತಿಸಿದರು. ವಾರಕ್ಕೆ 5 ದಿನ, ಒಟ್ಟು 10 ವಾರ. ದಿನಕ್ಕೆ 12 ನಿಮಿಷ ಮಾಡಿದವರಿಗೂ ನೋವು ಇಳಿಯಿತು, ಬರೀ 2 ನಿಮಿಷ ಮಾಡಿದವರಿಗೂ ಇಳಿಯಿತು. ಈ ಎರಡೂ ಕಡೆ ಇದ್ದವರು ಅಡಿಕೆ ಸುಲಿಯುವವರಲ್ಲ, ಆಫೀಸಿನಲ್ಲಿ ಕೂತು ದುಡಿಯುವವರು. ಆದರೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ತಲೆ ಹಿಡಿಯುವ ಕಷ್ಟ ಇಬ್ಬರಿಗೂ ಒಂದೇ.

ಎರಡು ನಿಮಿಷ ಎಂದಾಗ ಅಮ್ಮ ಒಪ್ಪಿದಳು. ಹಾಲು ಉಕ್ಕುವಷ್ಟು ಹೊತ್ತು. ಅವಳಿಗೆ ಕಲಿಸಿಕೊಟ್ಟದ್ದು ಇಷ್ಟು:

1. ನೇರ ಕೂತು, ಕುತ್ತಿಗೆಯನ್ನು ನಿಧಾನ ಎಡಕ್ಕೆ, ಬಲಕ್ಕೆ ತಿರುಗಿಸುವುದು. ಎಷ್ಟು ಸುಲಭಕ್ಕೆ ಹೋಗುತ್ತದೋ ಅಷ್ಟೇ. ಹತ್ತು ಸಲ.

2. ಮುಖ ನೇರ ಇಟ್ಟು, ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳುವುದು. ತಲೆ ಮೇಲೆ ಕೆಳಗೆ ಆಗಬಾರದು. ಐದು ಎಣಿಸಿ ಬಿಡುವುದು. ಹತ್ತು ಸಲ.

3. ಹಣೆಗೆ ಅಂಗೈ ಇಟ್ಟು, ತಲೆ ಕೈಯನ್ನು ಒತ್ತಬೇಕು, ಕೈ ಬಿಡಬಾರದು. ತಲೆ ಅಲುಗಬಾರದು. ಐದು ಎಣಿಸಿ ಸಡಿಲ ಬಿಡಬೇಕು. ಹೀಗೇ ತಲೆಯ ಹಿಂದೆ, ಎಡಗಡೆ, ಬಲಗಡೆ. ಮೊದಲು ಅರ್ಧ ಬಲ ಸಾಕು. ಉಸಿರು ಹಿಡಿಯಬಾರದು.

4. ಎರಡೂ ಹೆಗಲ ಹಲಗೆಗಳನ್ನು ಹಿಂದೆ ಒಂದಕ್ಕೊಂದು ಹತ್ತಿರ ತರುವುದು. ಐದು ಎಣಿಸಿ ಬಿಡುವುದು. ಹತ್ತು ಸಲ.

5. ಅರ್ಧ ಲೀಟರ್ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು, ಕೈಗಳನ್ನು ಪಕ್ಕಕ್ಕೆ ಹೆಗಲಿನ ಮಟ್ಟಕ್ಕೆ ಎತ್ತಿ ಇಳಿಸುವುದು. ಸುಲಭವಾದ ಮೇಲೆ ಒಂದು ಲೀಟರ್ ಬಾಟಲಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಡಂಬೆಲ್ ಕೊಳ್ಳಬೇಕಾಗಿಲ್ಲ.

ಇದರ ಜೊತೆ ದಿನಾ ಸ್ವಲ್ಪ ಕೈಬೀಸಿ ನಡೆಯುವುದು. ಇಷ್ಟೇ.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ನಿಲ್ಲಿಸಬೇಕಾಗಿಲ್ಲ. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರರ ಒಳಗಿದ್ದು, ಮರುದಿನ ಬೆಳಿಗ್ಗೆ ಹೊತ್ತಿಗೆ ಮೊದಲಿನ ಹಾಗೆ ಆದರೆ ಮುಂದುವರಿಸಬಹುದು. ಮರುದಿನವೂ ನೋವು ಹೆಚ್ಚೇ ಇದ್ದರೆ ಎಣಿಕೆ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಒಂದು ವಾರದಲ್ಲಿ ಏನೂ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ವಾರ ಕೊಡಬೇಕು.

ಅಮ್ಮ ಮೊದಲು ಕೊಟ್ಟಿಗೆಯಲ್ಲಿ ಮಾಡುತ್ತಿದ್ದಳು, ಯಾರಾದರೂ ನೋಡಿ ನಗುತ್ತಾರೆ ಎಂದು. ಒಂದು ತಿಂಗಳು ಏನೂ ವ್ಯತ್ಯಾಸ ಇಲ್ಲ ಎಂದು ಗೊಣಗಿದಳು. ಎರಡನೇ ತಿಂಗಳು ಒಂದು ದಿನ ನಾನು ಹಿಂದಿನಿಂದ ಕರೆದಾಗ ಬರೀ ಕುತ್ತಿಗೆ ತಿರುಗಿಸಿ "ಎಂಥ?" ಅಂದಳು. ಅವಳಿಗೆ ಅದು ಗೊತ್ತೇ ಆಗಲಿಲ್ಲ, ನನಗೆ ಗೊತ್ತಾಯಿತು.

ನೋವು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಸುಗ್ಗಿಯಲ್ಲಿ ಹೆಚ್ಚಾಗುತ್ತದೆ. ಆದರೆ ಈಗ ಮಾತ್ರೆ ಅಪರೂಪ. ಕಳೆದ ಸುಗ್ಗಿಯಲ್ಲಿ ಸುಲಿಯಲೂ ಹೋದಳು. ಮೊದಲಿನ ಹಾಗೆ ಐದು ಗಂಟೆ ಅಲ್ಲ, ಎರಡು ಗಂಟೆ. ಅರ್ಧ ಗಂಟೆಗೊಮ್ಮೆ ಎದ್ದು ಸಿಪ್ಪೆ ಹೊರಗೆ ಹಾಕಿ ಬರುವ ಕೆಲಸ ತಾನೇ ವಹಿಸಿಕೊಂಡಿದ್ದಾಳೆ. ಎದ್ದು ಓಡಾಡಲು ಅದೊಂದು ನೆಪ. ಅಡಿಕೆ ಬುಟ್ಟಿಯನ್ನು ನೆಲದಲ್ಲಿ ಇಡದೆ ಮಣೆಯ ಮೇಲೆ ಇಡುತ್ತಾಳೆ, ಬಗ್ಗುವುದು ಅಷ್ಟು ಕಡಿಮೆ. ಕೂಲಿ ಅರ್ಧವಾದರೂ ಬಂತು. ಮಾತು, ನಗು ಪೂರ್ತಿ ವಾಪಸ್ ಬಂತು.

ಇನ್ನು ಎಚ್ಚರಿಕೆಯ ಮಾತು. ಕೆಲವು ಕುತ್ತಿಗೆ ನೋವಿಗೆ ವ್ಯಾಯಾಮ ಅಲ್ಲ, ತಡ ಮಾಡದೆ ಆಸ್ಪತ್ರೆಯೇ ದಾರಿ. ಮರದಿಂದ ಬಿದ್ದ ಮೇಲೆ ಅಥವಾ ಬೈಕ್ ಅಪಘಾತದ ಮೇಲೆ ಬಂದ ನೋವು. ಕೈಯಲ್ಲಿ ಬಲ ಕಡಿಮೆಯಾಗಿ ಲೋಟ ಜಾರುವುದು, ಗುಂಡಿ ಹಾಕಲು ಆಗದಿರುವುದು, ಜೋಮು ದಿನದಿನಕ್ಕೆ ಹೆಚ್ಚುವುದು. ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು. ಜ್ವರದ ಜೊತೆ ಕುತ್ತಿಗೆ ಬಿಗಿಯುವುದು. ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದಿರುವುದು. ಎದೆ ಬಿಗಿತ, ಬೆವರು, ಉಬ್ಬಸದ ಜೊತೆ ಕುತ್ತಿಗೆ, ದವಡೆ, ಎಡಗೈ ನೋವು ಬಂದರೆ ಅದು ಹೃದಯದ್ದಾಗಿರಬಹುದು, ಆಗ ಕೂಡಲೇ 108ಕ್ಕೆ ಫೋನ್ ಮಾಡಿ. ಮತ್ತೆ, ಕ್ಷೌರದ ಅಂಗಡಿಯಲ್ಲಿ ಕುತ್ತಿಗೆ ಹಿಡಿದು ಲಟಕ್ ಅನ್ನಿಸಲು ಬಿಡಬೇಡಿ. ಅಪರೂಪಕ್ಕಾದರೂ ರಕ್ತನಾಳಕ್ಕೆ ಪೆಟ್ಟು ಬೀಳಬಹುದು.

ಇವು ಯಾವುದೂ ಇಲ್ಲದ ಹಳೆಯ ನೋವಾದರೆ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇದೆಯೇ ಎಂದು ಕೇಳಿ. ಡಾಕ್ಟರ ಮುಂದೆ ಕೂತಾಗ ಚೀಟಿ ತೆಗೆದುಕೊಂಡು ಎದ್ದುಬಿಡಬೇಡಿ. ಮೂರು ಪ್ರಶ್ನೆ ಕೇಳಿ: ನನಗೆ ಆಗಿರುವುದು ಏನು? ನಾನು ಯಾವ ಕೆಲಸ ಮಾಡಬಹುದು? ಮನೆಯಲ್ಲಿ ಯಾವ ವ್ಯಾಯಾಮ ಮಾಡಲಿ, ಒಮ್ಮೆ ತೋರಿಸಿಕೊಡುತ್ತೀರಾ? ಈ ಪ್ರಶ್ನೆ ಕೇಳುವುದು ಅಧಿಕಪ್ರಸಂಗ ಅಲ್ಲ. ಔಷಧಿಯ ಹಾಗೆ ವಿವರಣೆಯೂ ಚಿಕಿತ್ಸೆಯ ಭಾಗ.

ಮನೆಯ ಗಂಡಸರಿಗೆ ಒಂದು ಮಾತು. ಅಮ್ಮನೋ ಹೆಂಡತಿಯೋ ಹತ್ತು ನಿಮಿಷ ಗೋಡೆ ಪಕ್ಕ ನಿಂತು ಬಾಟಲಿ ಎತ್ತುತ್ತಿದ್ದರೆ ನಗಬೇಡಿ. ಅಷ್ಟು ಹೊತ್ತು ಹಾಲು ಉಕ್ಕದ ಹಾಗೆ ನೋಡಿಕೊಳ್ಳಿ.