ಬೀದಿ ಒಂದೇ, ತಟ್ಟೆ ಬೇರೆ

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ‘ವಿವಿಧತೆಯಲ್ಲಿ ಏಕತೆ’ ಎಂದು ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಇಪ್ಪತ್ತೆರಡು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. 2024ರ ಏಪ್ರಿಲ್‌ನಲ್ಲಿ ಆ ಮಾತು ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಾಗ ಮಾತ್ರ ಬಾಗಿಲು ಹಾಕಿಕೊಂಡೆ.

ನಡೆದದ್ದು ಇಷ್ಟೇ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮಗಳಿಗೆ ಹಾಸ್ಟೆಲ್ ಸಾಕಾಗಿತ್ತು. ಇಬ್ಬರು ಗೆಳತಿಯರ ಜೊತೆ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿಯುತ್ತೇನೆ ಎಂದಳು. ಒಬ್ಬಳು ಕಲಬುರಗಿಯ ಮುಸ್ಲಿಂ ಹುಡುಗಿ, ಇನ್ನೊಬ್ಬಳು ಕೇರಳದ ಕ್ರಿಶ್ಚಿಯನ್ ಹುಡುಗಿ. “ಅಡುಗೆಮನೆ ಎಷ್ಟು?” ಎಂದು ಕೇಳಿದೆ. “ಒಂದೇ” ಎಂದಳು. “ಹಾಗಾದ್ರೆ ಬೇಡ” ಎಂದೆ. ಅವಳು ಜಗಳವಾಡಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಅವಳು ಸುಮ್ಮನಾಗಿಬಿಟ್ಟಳು. ಆ ಮೌನವನ್ನೇ ಕಟ್ಟಿಕೊಂಡು ಮೇ ತಿಂಗಳಲ್ಲಿ ನಾವು ಮೂವರೂ ಮಲೇಷ್ಯಾಕ್ಕೆ ಹೊರಟೆವು. ನನ್ನ ಬಾಮೈದ ಕೆಲಸದ ಮೇಲೆ ಕ್ವಾಲಾಲಂಪುರದಲ್ಲಿದ್ದ. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ಬೇಡ ಎಂದಾಗಿತ್ತು. “ಈಗಲ್ಲದಿದ್ರೆ ಇನ್ಯಾವಾಗ ಬರ್ತೀರಿ ಭಾವ?” ಎಂದು ಅವನು ಗಂಟುಬಿದ್ದಿದ್ದ. ಬೆಂಗಳೂರಿನಿಂದ ನಾಲ್ಕು ತಾಸಿನ ವಿಮಾನ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಎದ್ದರೆ ಹೊರಗೆ ಕತ್ತಲು. ಗಡಿಯಾರ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಸಮುದ್ರದಾಚೆಯ ಸಬಾ, ಸರವಾಕ್ ಪ್ರಾಂತಗಳಿಗೂ ಇಲ್ಲಿಗೂ ಒಂದೇ ಸಮಯ ಇರಲಿ ಎಂದು 1982ರಲ್ಲಿ ಈ ಕಡೆಯವರು ತಮ್ಮ ಗಡಿಯಾರವನ್ನು ಅರ್ಧ ತಾಸು ಮುಂದಕ್ಕೆ ತಿರುಗಿಸಿದರಂತೆ. ಭೂಮಧ್ಯರೇಖೆಗೆ ಬರೀ ಮೂರು ಡಿಗ್ರಿ ದೂರದ ಊರು. ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಮಧ್ಯಾಹ್ನವಾದರೆ ಆಕಾಶ ಕಪ್ಪಿಟ್ಟು ಧೋ ಎಂದು ಮಳೆ, ಒಂದು ತಾಸಿನ ನಂತರ ಏನೂ ನಡೆದೇ ಇಲ್ಲವೆಂಬಂತೆ ಬಿಸಿಲು. ಅಡುಗೆಮನೆಗೆ ಹೋದ ನನ್ನಾಕೆ ಫ್ರಿಜ್ ತೆಗೆದು, “ಇದೇನೋ, ನಡುವಿನ ಹಲಗೆಗೆ ನೀಲಿ ಟೇಪು ಅಂಟಿಸಿದೀಯ?” ಎಂದು ತಮ್ಮನನ್ನು ಕೇಳಿದಳು. “ಏನೋ ಒಡೆದಿತ್ತಕ್ಕ” ಎಂದು ಅವನು ಮಾತು ಹಾರಿಸಿದ.

ಮಗಳ ಮೌನ ಮುರಿದದ್ದು ಬೀದಿಯ ಫಲಕಗಳಿಂದ. ಮಲಯ ಭಾಷೆಯನ್ನು ಈಗ ಇಂಗ್ಲಿಷ್ ಲಿಪಿಯಲ್ಲೇ ಬರೆಯುತ್ತಾರೆ. ಓದಲು ಬರುತ್ತದೆ, ಅರ್ಥವಾಗುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಯಾವುದೋ ಪದ ಕಣ್ಣು ಮಿಟುಕಿಸುತ್ತದೆ. ಪ್ರಧಾನ ಮಂತ್ರಿ ಅಲ್ಲಿ ‘ಪರ್ದಾನ ಮೆಂತೆರಿ’. ಬಣ್ಣ ‘ವರ್ನ’. ಬೆಲೆ ‘ಹರ್ಗ’, ನಮ್ಮ ಅರ್ಘವೇ ಅದು. ಮಲಯ ಮುಸ್ಲಿಮರು ರಂಜಾನಿನ ಉಪವಾಸವನ್ನು ‘ಪುವಾಸ’ ಎನ್ನುತ್ತಾರೆ, ಸ್ವರ್ಗವನ್ನು ‘ಶುರ್ಗ’ ಎನ್ನುತ್ತಾರೆ. ನೌಕಾಪಡೆಯ ಅಡ್ಮಿರಲ್‌ನ ಹೆಸರು ‘ಲಕ್ಸಮಾನ’. ಅಣ್ಣನ ಬೆನ್ನು ಕಾದ ಲಕ್ಷ್ಮಣ ಕಡಲಿಗೂ ಇಳಿದಿದ್ದಾನೆ. ಕಾಲೇಜು ವಿದ್ಯಾರ್ಥಿ ‘ಮಹಾಸಿಸ್ವ’, ಅಂದರೆ ಮಹಾಶಿಷ್ಯ. “ನೋಡಪ್ಪ, ಇಲ್ಲಿ ನಮಗೆಷ್ಟು ಮರ್ಯಾದೆ!” ಎಂದಳು ಮಗಳು. ಹದಿನೈದು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಉದ್ದದ ಮಾತು ಅದು. ಗಂಡನಿಗೆ ‘ಸುವಾಮಿ’ ಎನ್ನುತ್ತಾರೆ ಎಂದು ತಿಳಿದು ನನ್ನಾಕೆ ನಕ್ಕಿದ್ದೇ ನಕ್ಕಿದ್ದು. ಪ್ರೀತಿಗೆ ಅವರು ಹೇಳುವುದು ‘ಚಿಂತ’. ಇದನ್ನು ಯಾರೋ ಅನುಭವಸ್ಥರೇ ಇಟ್ಟಿರಬೇಕು.

ಬ್ರಿಕ್‌ಫೀಲ್ಡ್ಸ್ ಎಂಬ ಬಡಾವಣೆಯ ತಮಿಳು ಹೋಟೆಲಿನಲ್ಲಿ ಕೂತು ಅವರು ‘ತೋಸೈ’ ಎನ್ನುವ ದೋಸೆ ತಿನ್ನುತ್ತಿದ್ದೆವು. ಮಗಳು ಫೋನಿನಲ್ಲಿ ನಿಘಂಟು ತಡಕಿ, “ಅಪ್ಪ, ಮಲಯ ಭಾಷೇಲಿ ದೋಸ ಅಂದ್ರೆ ಪಾಪ” ಎಂದಳು. ನಮ್ಮ ‘ದೋಷ’ವೇ ಅಲ್ಲಿ ಪಾಪವಾಗಿದೆ. ನಾನು ಎರಡನೆಯ ಪಾಪಕ್ಕೆ ಆರ್ಡರ್ ಕೊಟ್ಟೆ.

ಊಟದ ವಿಷಯದಲ್ಲಿ ಮಾತ್ರ ನನಗೆ ಒಳಗೇ ದಿಗಿಲು. ಶುದ್ಧ ಸಸ್ಯಾಹಾರಿ ನಾನು. ಅಲ್ಲಿ ಸೊಪ್ಪಿನ ಪಲ್ಯದಲ್ಲೂ ಒಣ ಸೀಗಡಿಯ ‘ಬೆಲಾಚಾನ್’ ಸೇರಿಸುತ್ತಾರೆ, ನಾವು ಇಂಗು ಹಾಕುವಷ್ಟು ಸಲೀಸಾಗಿ. ರೈಲಿನಲ್ಲಿ ನಾಲ್ಕು ತಾಸು ಪ್ರಯಾಣ ಮಾಡಿ, ಬಟರ್‌ವರ್ತ್‌ನಿಂದ ದೋಣಿಯಲ್ಲಿ ಪಿನಾಂಗ್ ದ್ವೀಪದ ಜಾರ್ಜ್‌ಟೌನ್‌ಗೆ ಹೋಗಿದ್ದೆವು. ಊರಿಗೆ ಊರೇ ಬೀದಿಬದಿಯಲ್ಲಿ ತಿನ್ನುತ್ತದೆ. ಸಾಲಾಗಿ ಗಾಡಿಗಳು, ಹಬೆ, ಬಾಣಲೆಯ ಸದ್ದು. ಹಸಿವು ತಡೆಯದೆ ಒಂದು ಗಾಡಿಯ ಮುಂದೆ ನಿಂತು ನೂಡಲ್ಸ್ ಕಡೆ ಬೆರಳು ತೋರಿಸಿದೆ. ಎಪ್ಪತ್ತು ದಾಟಿದ ಚೀನೀ ಅಜ್ಜಿ. ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿದಳು. ಪಾತ್ರೆಯ ಕಡೆ ಕೈತೋರಿಸಿ, ತಲೆಯನ್ನು ಜೋರಾಗಿ ಅಲ್ಲಾಡಿಸಿದಳು. “ನೋ, ನೋ.” ನಾನು ದುಡ್ಡು ಮುಂದೆ ಹಿಡಿದರೂ ತೆಗೆದುಕೊಳ್ಳಲಿಲ್ಲ. ಒಲೆ ಸಣ್ಣ ಮಾಡಿ, ಬಂದ ಗಿರಾಕಿಗಳನ್ನು ನಿಲ್ಲಿಸಿ, ನನ್ನ ತೋಳು ಹಿಡಿದು ಆರೇಳು ಗಾಡಿ ದಾಟಿಸಿ ಇನ್ನೊಂದು ಗಾಡಿಯ ಮುಂದೆ ನಿಲ್ಲಿಸಿ ಹೋದಳು. ಅಲ್ಲಿ ಬರೀ ಸೊಪ್ಪು, ಅಣಬೆ, ಸೋಯಾ. ಅಂದು ಬುದ್ಧ ಹುಣ್ಣಿಮೆ, ಅವರು ವೆಸಾಕ್ ಎನ್ನುವ ಹಬ್ಬ. ನಮ್ಮಲ್ಲಿ ಏಕಾದಶಿ ಹಿಡಿಯುವವರಿರುವಂತೆ, ಚೀನೀ ಬೌದ್ಧರಲ್ಲಿ ಅನೇಕರು ಅವರ ತಿಂಗಳ ಒಂದನೆಯ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟುವುದಿಲ್ಲ. ಆ ಗಾಡಿಯ ಮುಂದೆ ನನಗಿಂತ ಮುಂಚೆ ಹನ್ನೆರಡು ಜನ ಸಾಲಿನಲ್ಲಿದ್ದರು.

ನಾನು ತಿನ್ನುತ್ತ ಯೋಚಿಸಿದೆ. ಅವಳಿಗೆ ನನ್ನ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ. ನನ್ನ ತಟ್ಟೆಯಲ್ಲಿ ಏನಿರಬಾರದು ಎಂಬುದು ಗೊತ್ತಿತ್ತು.

ಇದರಿಂದ ಮಲೇಷ್ಯಾ ಎಂದರೆ ಎಲ್ಲರೂ ಕೈಕೈ ಹಿಡಿದು ಕುಣಿಯುವ ನಾಡು ಎಂದು ಯಾರೂ ತಿಳಿಯಬೇಕಿಲ್ಲ. ನಾನೂ ಹಾಗೆ ತಿಳಿಯದಂತೆ ನೋಡಿಕೊಂಡವನು ನಮ್ಮನ್ನು ಮಲಕ್ಕಾಕ್ಕೆ ಕರೆದೊಯ್ದ ಟ್ಯಾಕ್ಸಿಯವನು. ತಮಿಳು ಮೂಲದವನು. ಅವನ ಮುತ್ತಜ್ಜ ರಬ್ಬರ್ ತೋಟದ ಕೂಲಿಯಾಗಿ ಹಡಗು ಹತ್ತಿ ಬಂದವನು. 1877ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಸಿಂಗಪುರಕ್ಕೆ ಬಂದ 22 ಸಸಿಗಳಿಂದ ಈ ಸೀಮೆಯ ರಬ್ಬರ್ ಬೆಳೆ ಶುರುವಾಯಿತು ಎಂದು ಓದಿದ್ದೆ. ತವರದ ಗಣಿಗಳಿಗೆ ಚೀನೀಯರು, ರಬ್ಬರಿಗೆ ತಮಿಳರು ಎಂದು ಬ್ರಿಟಿಷರ ಕಾಲದಲ್ಲಿ ಜನ ಬಂದು ಸೇರಿದರು. ಈಗ ರಸ್ತೆಯ ಎರಡೂ ಕಡೆ ರಬ್ಬರ್ ಕಡಿಮೆ, ತಾಳೆಎಣ್ಣೆಯ ಮರಗಳೇ ಮೈಲುಗಟ್ಟಲೆ.

“ನಿನ್ನ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ?” ಎಂದು ಕೇಳಿದೆ. ಮೇಷ್ಟ್ರ ಚಟ. ಅಲ್ಲಿ ಸರ್ಕಾರದ ವ್ಯವಸ್ಥೆಯಲ್ಲೇ ಮಲಯ, ಚೀನೀ, ತಮಿಳು ಎಂದು ಮೂರು ಬಗೆಯ ಪ್ರಾಥಮಿಕ ಶಾಲೆಗಳಿವೆ. ಇವನು ತಮಿಳಿನಲ್ಲಿ ಓದಿದವನು. ಮಗಳನ್ನು ಹಾಕಿದ್ದು ಚೀನೀ ಶಾಲೆಗೆ. ಹಾಗೆ ಹಾಕುವ ತಮಿಳರೂ ಮಲಯರೂ ಸಾಕಷ್ಟಿದ್ದಾರಂತೆ. ಹುಡುಗಿಗೆ ಹತ್ತು ವರ್ಷಕ್ಕೇ ನಾಲ್ಕು ಭಾಷೆ. “ಆದರೆ ತಮಿಳು ಓದೋಕೆ ಬರಲ್ಲ ಸಾರ್. ಅವಳ ಅಜ್ಜಿಗೆ ಅದೇ ಕೊರಗು” ಎಂದ. ತನ್ನ ಭಾಷೆ ಉಳಿಯಲಿ ಎಂದರೆ ಮಕ್ಕಳು ಬೇರೆ ಬೇರೆ ಗೋಡೆಯೊಳಗೆ ಬೆಳೆಯುತ್ತಾರೆ, ಒಟ್ಟಿಗೆ ಬೆಳೆಯಲಿ ಎಂದರೆ ಭಾಷೆ ಸವೆಯುತ್ತದೆ. ಇದಕ್ಕೆ ಉತ್ತರ ನನಗೂ ಹೊಳೆಯಲಿಲ್ಲ, ಅವರೂ ಇನ್ನೂ ಚರ್ಚಿಸುತ್ತಲೇ ಇದ್ದಾರೆ.

1969ರ ಮೇ 13ರ ಮಾತನ್ನು ಅವನೇ ತೆಗೆದ. ಚುನಾವಣೆಯ ಬೆನ್ನಿಗೆ ಕ್ವಾಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ನಡೆದ ಗಲಭೆಯಲ್ಲಿ ಸರ್ಕಾರದ ಲೆಕ್ಕದಂತೆಯೇ 196 ಜನ ಸತ್ತರು. ಅದಾದ ಮೇಲೆ 1971ರಲ್ಲಿ ಬಂದ ಹೊಸ ಆರ್ಥಿಕ ನೀತಿ ‘ಭೂಮಿಪುತ್ರ’ರಿಗೆ, ಎಂದರೆ ಮಲಯರಿಗೂ ಮೂಲನಿವಾಸಿಗಳಿಗೂ, ಓದಿನಲ್ಲಿ ಉದ್ಯೋಗದಲ್ಲಿ ಹೆಚ್ಚಿನ ಅವಕಾಶ ಕೊಟ್ಟಿತು. ನಮ್ಮ ಮೀಸಲಾತಿಯ ಹಾಗೆ ಎಂದುಕೊಂಡರೆ ಪೂರ್ತಿ ಸರಿಯಲ್ಲ. ಅಲ್ಲಿನ ನಾಗರಿಕರಲ್ಲಿ ಹತ್ತಕ್ಕೆ ಏಳು ಮಂದಿ ಭೂಮಿಪುತ್ರರೇ. ಆದರೆ ದುಡ್ಡು ವ್ಯಾಪಾರ ಆಗ ಅವರ ಕೈಯಲ್ಲಿರಲಿಲ್ಲ. “ಹಬ್ಬಕ್ಕೆ ಬಾಗಿಲು ತೆಗೆದಿಡ್ತೀವಿ ಸಾರ್. ದೀಪಾವಳಿಗೆ ಮಲಯರು ನಮ್ಮನೆಗೆ ಬರ್ತಾರೆ, ರಂಜಾನಿಗೆ ನಾವು ಹೋಗ್ತೀವಿ. ಅವರು ಬಂದ್ರೆ ಹಲಾಲ್ ಅಡುಗೆಯವರ ಹತ್ರಾನೇ ತರಿಸ್ತೀನಿ. ಮದುವೆ ಅಂದ್ರೆ ಮಾತ್ರ ಬೇರೆ ಕಥೆ” ಎಂದ. ಮುಸ್ಲಿಮರನ್ನು ಮದುವೆಯಾಗಬೇಕಾದರೆ ಅಲ್ಲಿ ಮತ ಬದಲಾಯಿಸಲೇಬೇಕು, ಕಾನೂನೇ ಹಾಗಿದೆ. ನಾನು ಹಿಂದಿನ ಸೀಟಿನ ಕಡೆ ನೋಡಲಿಲ್ಲ.

ಮಲಕ್ಕಾದ ಬಗ್ಗೆ ಪಾಠದಲ್ಲಿ ಒಂದು ಸಾಲು ಬರುತ್ತದೆ. 1511ರಲ್ಲಿ ಗೋವೆಯ ಆಲ್ಬುಕರ್ಕ್ ಹೋಗಿ ಗೆದ್ದ ಊರು. 1641ರಲ್ಲಿ ಡಚ್ಚರು, 1824ರ ಒಪ್ಪಂದದಿಂದ ಬ್ರಿಟಿಷರು. ಪೋರ್ಚುಗೀಸರು ಬಂದ ಹೊಸದರಲ್ಲಿ ಅಲ್ಲಿದ್ದ ತೋಮೆ ಪಿರೆಸ್ ಎಂಬುವನು ಈ ಬಂದರಿನಲ್ಲಿ 84 ಭಾಷೆಗಳನ್ನಾಡುತ್ತಾರೆ ಎಂದು ಬರೆದಿಟ್ಟಿದ್ದಾನೆ. ಅಲ್ಲಿ ಹಳೆಯ ಅಕ್ಕಸಾಲಿಗರ ಬೀದಿಯೊಂದಿದೆ. ಚೆಟ್ಟಿ ಜನ 1781ರಲ್ಲಿ ಕಟ್ಟಿದ ವಿನಾಯಕನ ಗುಡಿ, ನೆಲ ಕೊಟ್ಟವರು ಡಚ್ಚರು. ಕೆಲವೇ ಹೆಜ್ಜೆ ಮುಂದೆ 1748ರಲ್ಲಿ ಶುರುವಾದ ಮಸೀದಿ. ಅದರ ಮಾಡು ಮೂರು ಅಂತಸ್ತಾಗಿ ಗೋಪುರದಂತೆ ಏರುತ್ತದೆ, ಮಿನಾರು ಬೌದ್ಧರ ಪಗೋಡದಂತಿದೆ, ಗೋಡೆಗೆ ಪರದೇಶದ ಹೆಂಚು. ಅದೇ ಬೀದಿ ಮುಂದುವರಿದರೆ ಹದಿನೇಳನೆಯ ಶತಮಾನದ ಚೀನೀ ದೇವಸ್ಥಾನ. ಊದುಬತ್ತಿಯ ಹೊಗೆ ಮೂರಕ್ಕೂ ಹರಿದಾಡುತ್ತದೆ, ಅದನ್ನು ತಡೆಯುವವರಿಲ್ಲ. ನಾವು ಗಣಪತಿಗೆ ಕೈಮುಗಿದು ಹೊರಬಂದಾಗ ಮಸೀದಿಯ ಮುಂದೆ ಮಳೆ ಹಿಡಿಯಿತು. ಜಗಲಿಯಲ್ಲಿದ್ದ ಮುದುಕರೊಬ್ಬರು ಸರಿದು ಕೂತು ಜಾಗ ಕೊಟ್ಟರು. ಮಾತಿಲ್ಲ, ಕಥೆಯಿಲ್ಲ. ಅರ್ಧ ತಾಸು ಒಟ್ಟಿಗೆ ಮಳೆ ನೋಡಿದೆವು.

ಆ ಚೆಟ್ಟಿಗಳ ಕೇರಿಗೂ ಹೋದೆವು. ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದು, ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಿ ನಿಂತ ತಮಿಳರ ಸಂತತಿ. ಮನೆಮಾತು ಮಲಯ. ಹೆಂಗಸರ ಹಳೆಯ ಉಡುಪು ಮಲಯರ ಸರೋಂಗ್ ಕೆಬಾಯ. ದೇವರು ಮಾತ್ರ ಶಿವ, ಗಣಪತಿ, ಮಾರಿಯಮ್ಮ. ಭೋಗಿಯ ದಿನ ಬಾಳೆಯೆಲೆ ಹಾಕಿ ಹಿರಿಯರಿಗೆ ಎಡೆ ಇಡುತ್ತಾರೆ. ಒಬ್ಬಾಕೆ ನನ್ನಾಕೆಯನ್ನು ದೇವರ ಕೋಣೆಗೆ ಕರೆದು ಕುಂಕುಮ ಕೊಟ್ಟಳು. ಇಬ್ಬರಿಗೂ ಒಂದೇ ಒಂದು ಮಾತು ಪರಸ್ಪರ ತಿಳಿಯದು. ಹತ್ತು ನಿಮಿಷ ಮಾತಾಡಿಕೊಂಡರು.

ಊರಿಗೆ ಹೊರಡುವ ಹಿಂದಿನ ಸಂಜೆ ಬಾಮೈದನ ಮನೆಯ ಬಾಗಿಲು ಬಡಿದ ಸದ್ದು. ತೆಗೆದರೆ ಒಬ್ಬ ಚೀನೀ ಹುಡುಗ, ಕೈಯಲ್ಲಿ ಎರಡು ದಪ್ಪ ಚಕ್ಕೋತ. ಬಾಮೈದನ ಮುಖ ಬಿಳುಚಿತು. ಆಮೇಲೆ ಬಾಯಿಬಿಟ್ಟ. ಅವನು ಒಂದೂವರೆ ವರ್ಷದಿಂದ ಇದೇ ಮನೆಯಲ್ಲಿ ಜೊತೆಗಿರುವವನು, ಇಪೋ ಊರಿನವನು. ಅಕ್ಕ ಭಾವ ಬರುತ್ತಾರೆಂದು ಹತ್ತು ದಿನ ಸ್ನೇಹಿತನ ಮನೆಗೆ ಹೋಗಿದ್ದನಂತೆ. ಹೋಗುವ ಮುಂಚೆ ಫ್ರಿಜ್ ತೊಳೆದು, ತನ್ನ ಬಾಣಲೆಯನ್ನು ಪೇಪರಿನಲ್ಲಿ ಸುತ್ತಿ ಕೆಳಗಿನ ಕಪಾಟಿನಲ್ಲಿಟ್ಟಿದ್ದ. ನೀಲಿ ಟೇಪಿನ ಮೇಲಿನ ಹಲಗೆ ಬಾಮೈದನದು, ಕೆಳಗಿನದು ಅವನದು.

ನನ್ನಾಕೆ ಬಯ್ಯುತ್ತಾಳೆಂದು ಎಲ್ಲರೂ ಕಾದೆವು. “ಅಯ್ಯೋ ಪಾಪ, ಹತ್ತು ದಿನ ಹೊರಗಿತ್ತಾ ಹುಡುಗ!” ಎಂದು ತಟ್ಟೆಗೆ ಚಿತ್ರಾನ್ನ ಬಡಿಸಿದಳು. ಅವನು ಮೂರು ಸಲ ಹಾಕಿಸಿಕೊಂಡ. ತಿಂದಾದ ಮೇಲೆ ಎದ್ದು, ಕೇಳದೆಯೇ, ತನ್ನ ಕಡೆಯ ಸಿಂಕಿನಲ್ಲಿ ತಟ್ಟೆ ತೊಳೆದಿಟ್ಟ. ಮಗಳು ಏನೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ವಿಮಾನದಲ್ಲಿ ನಾನೇ ಕೇಳಿದೆ, “ಆ ಮನೇಲಿ ಒಲೆ ಎಷ್ಟು ಉರಿಯದು?”

“ಎರಡು” ಎಂದಳು ಕಿಟಕಿಯಿಂದ ತಿರುಗದೆ.

“ಮೂರು ಉರಿಯದು ಸಿಗುತ್ತೆ.”

ಆಗ ತಿರುಗಿದಳು.

ಜೂನ್‌ನಲ್ಲಿ ಮನೆ ನೋಡಲು ಹೋದೆ. ನನಗಿಂತ ಮೊದಲೇ ಕಲಬುರಗಿಯ ಹುಡುಗಿಯ ತಂದೆ ಬಂದಿದ್ದರು. ಅವರೂ ಮೇಷ್ಟ್ರೇ, ಗಣಿತ. ಚಹಾ ಕುಡಿಯುತ್ತ ತಡವರಿಸಿ ಹೇಳಿದರು, “ತಪ್ಪು ತಿಳೀಬ್ಯಾಡ್ರಿ ಸರ್, ನಾನೂ ಮೊದಲು ಬ್ಯಾಡ ಅಂದಿದ್ದೆ. ನಿಮ್ಮ ಮನಿ ಹುಡುಗಿಗಿ ನಮ್ಮ ಹುಡುಗಿ ಅಡಗಿ ವಾಸನಿ ಆಗಿಬರದೆ ಮಾತು ಬಂದ್ರ, ಆಕಿ ಮನಸಿಗಿ ನೋವಾಗ್ತದ ಅಂತ.” ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಇಬ್ಬರೂ ಎದ್ದು ಅಡುಗೆಮನೆಗೆ ಹೋಗಿ, ಬಾಗಿಲು ತೆಗೆದು ಹಾಕಿ, ಕಪಾಟು ಎಣಿಸಿದೆವು. ನಾಲ್ಕಿದ್ದವು. ಮೂವರಿಗೆ ಮೂರು ಹೋಗಿ ಒಂದು ಉಳಿಯುತ್ತದೆ ಎಂದು ಗಣಿತದ ಮೇಷ್ಟ್ರು ಲೆಕ್ಕ ಹೇಳಿದರು.