ಬೆಂಗಳೂರಲ್ಲಿ ಬಾಡಿಗೆ ಮನೆ: ನಾವು ಹಾಕಿದ ಲೆಕ್ಕ, ಬಿಟ್ಟ ಲೆಕ್ಕ

ಹೋದ ವಾರ ಯಲಬುರ್ಗಾ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಬರಬೇಕು. "ಎಲ್ಲಿ ರೂಮ್ ಮಾಡಿದ್ರ ಚಲೋ ಅಣ್ಣಾ? ಬಾಡಿಗಿ ಎಷ್ಟಾಗ್ತದ? ಅಡ್ವಾನ್ಸ್ ಎಷ್ಟ್ ಕೇಳ್ತಾರ?" ಎಲ್ಲ ಹೇಳಿದೆವು. ಫೋನ್ ಇಡುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಕೇಳಿದ. "ಮನಿ ಕೇಳಾಕ ಹೋದ್ರ ನೀವು ಯಾವ ಮಂದಿ ಅಂತ ಕೇಳ್ತಾರಂತಲ್ಲ, ಏನ್ ಹೇಳ್ಬೇಕು?"

ನಮಗೆ ತಕ್ಷಣ ಉತ್ತರ ಬರಲಿಲ್ಲ. "ನಾಳೆ ಹೇಳ್ತೀವಿ" ಅಂದೆವು. ಇದು ಅವನಿಗೆ ಹೇಳಬೇಕಾದ ಉತ್ತರ. ಊರು ಬಿಟ್ಟು ಬರುವ ಬೇರೆಯವರಿಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬರೆಯುತ್ತಿದ್ದೇವೆ.

ನಾವು ಮೂವರು. ಕೊಪ್ಪಳ ಜಿಲ್ಲೆಯ ಮೂರು ಬೇರೆ ಬೇರೆ ಹಳ್ಳಿಯವರು. ಪತ್ರಿಕೋದ್ಯಮ ಓದುವಾಗ ಒಂದೇ ಹಾಸ್ಟೆಲ್. 2023ರ ಜೂನ್‌ನಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಿಂದ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದಾಗ ಕೈಯಲ್ಲಿ ಮೂರು ಬ್ಯಾಗು, ಒಂದು ಟ್ರಂಕು, ಒಂದು ಚೀಲ ಕಟಕ ರೊಟ್ಟಿ. ಇಬ್ಬರಿಗೆ ಸುದ್ದಿ ಕಚೇರಿಯಲ್ಲಿ ಡೆಸ್ಕ್ ಕೆಲಸ, ಒಬ್ಬನಿಗೆ ಜಾಹೀರಾತು ಅನುವಾದಿಸುವ ಕೆಲಸ. ಮೂವರಿಗೂ ಸಂಬಳ 18,000 ರೂಪಾಯಿ. ಎರಡೂ ಆಫೀಸು ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ.

ಪರಿಚಯದವರೊಬ್ಬರ ರೂಮಿನಲ್ಲಿ ಹದಿನೈದು ದಿನ ಇರಲು ಜಾಗ ಸಿಕ್ಕಿತು. ಹತ್ತನೇ ದಿನಕ್ಕೇ ಅವರ ಮುಖ ನೋಡಿದರೆ ಸಂಕೋಚ ಆಗತೊಡಗಿತು. ಆ ಅವಸರದಲ್ಲೇ ನಾವು ಮನೆ ಹುಡುಕಿದ್ದು. ಕೇಳುತ್ತಿದ್ದುದು ಒಂದೇ ಪ್ರಶ್ನೆ, ಬಾಡಿಗೆ ಎಷ್ಟು?

ಕಡಿಮೆ ಬಾಡಿಗೆ ನಮ್ಮನ್ನು ಕೆ.ಆರ್. ಪುರದ ಆಚೆ ಕರೆದುಕೊಂಡು ಹೋಯಿತು. ಮೆಟ್ರೊ ನಿಲ್ದಾಣದಿಂದ ಇನ್ನೂ ನಾಲ್ಕು ಕಿಲೋಮೀಟರ್. ಒಂದು ರೂಮು, ಅಡುಗೆ ಮನೆ, ಬಚ್ಚಲು. ಬಾಡಿಗೆ 8,000, ಅಡ್ವಾನ್ಸ್ 50,000. ಸುತ್ತ ನೋಡಿದರೆ ನಮ್ಮೂರೇ ಅನ್ನಿಸಿತು. ಒಂದು ಕಡೆ ಹುಣಸೆ ಮರ, ಮಾರಮ್ಮನ ಗುಡಿ, ಹಾಲಿನ ಡೈರಿ, ಇನ್ನೊಂದು ಕಡೆ ಹತ್ತು ಅಂತಸ್ತಿನ ಅಪಾರ್ಟ್‌ಮೆಂಟು. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ದೊಡ್ಡದಾದಾಗ ಒಳಗೆ ಸೇರಿದ 110 ಹಳ್ಳಿಗಳಲ್ಲಿ ಅದೂ ಒಂದು. ಹೆಸರಿಗೆ ನಗರ ಆಯಿತು, ಕುಡಿಯುವ ನೀರು ಮಾತ್ರ ಬೋರ್‌ವೆಲ್ಲಿನದೇ ಉಳಿಯಿತು. ಅದು ನಮಗೆ ಆಮೇಲೆ ಗೊತ್ತಾಯಿತು.

ಓನರ್ ಮಹಡಿ ಮೇಲಿದ್ದರು. ಬಾಡಿಗೆ, ಅಡ್ವಾನ್ಸ್, ಬೈಕ್ ಎಲ್ಲ ಮಾತಾಡಿದ ಮೇಲೆ ಕೀ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ನೀವು ಯಾವ ಜನ?"

"ಕೊಪ್ಪಳದ ಕಡೆಯವರು ಸರ್."

"ಅದಲ್ಲ. ಆ ಕಡೆ ಅಂದ್ರೆ ಲಿಂಗಾಯತರಾ? ಮಾಂಸ ಗೀಂಸ ಮಾಡಲ್ಲ ತಾನೆ?"

ನಮ್ಮಲ್ಲಿ ಒಬ್ಬರು "ಹೌದು ಸರ್, ಮಾಡಲ್ಲ" ಅಂದರು. ಯಾರು ಅಂದದ್ದು ಅಂತ ಇಲ್ಲಿ ಬರೆಯುವುದಿಲ್ಲ. ಇನ್ನಿಬ್ಬರು ಸುಮ್ಮನೆ ನಿಂತಿದ್ದೆವು. ಹಾಗಾಗಿ ಮೂವರೂ ಅಂದಂತೆಯೇ ಆಯಿತು. ಒಬ್ಬನ ವಿಷಯದಲ್ಲಿ ಆ ಮಾತು ನಿಜ, ಇನ್ನೊಬ್ಬನ ವಿಷಯದಲ್ಲಿ ಅರ್ಧ ನಿಜ. ಮೂರನೆಯವನು ದಲಿತ ಕೇರಿಯಿಂದ ಬಂದವನು. ಅವನ ಪಾಲಿಗೆ ಅದು ಪೂರ್ತಿ ಸುಳ್ಳು.

ಕಾಲೇಜಿನಲ್ಲಿದ್ದಾಗ ಹಳ್ಳಿ ಹೋಟೆಲಿನ ಎರಡು ಲೋಟದ ಪದ್ಧತಿ ಬಗ್ಗೆ ಮೂವರೂ ಸೇರಿ ವರದಿ ಮಾಡಿದ್ದೆವು. ಮೇಷ್ಟ್ರು ಹೊಗಳಿದ್ದರು. ಅದೇ ಮೂವರು ಇಲ್ಲಿ ಕೀ ಇಸಿದುಕೊಂಡು ಒಳಗೆ ಹೋದೆವು. ರಾತ್ರಿ ಊಟ ಮಾಡುವಾಗ ಯಾರೂ ಆ ಮಾತು ಎತ್ತಲಿಲ್ಲ.

ಮೊದಲು ದಾರಿಯ ಕಥೆ ಹೇಳುತ್ತೇವೆ. ನಾವು ಬಂದಾಗ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಕೂಡಿರಲಿಲ್ಲ. ಮಧ್ಯೆ ಟಿನ್ ಫ್ಯಾಕ್ಟರಿ ಎಂಬ ಜಾಗ ಇದೆ. ಬೆಂಗಳೂರಲ್ಲಿ ಆ ಹೆಸರು ಕೇಳಿದರೆ ಬಸ್ ಕಂಡಕ್ಟರೂ ನಿಟ್ಟುಸಿರು ಬಿಡುತ್ತಾರೆ. ಅಲ್ಲಿ ನಿಂತ ಬಸ್ಸಿನಲ್ಲಿ ನಾವು ನಿದ್ದೆ ಮಾಡಿ ಎದ್ದರೂ ಅದೇ ಕಂಬದ ಪಕ್ಕ ಇರುತ್ತಿದ್ದೆವು. ಅಕ್ಟೋಬರ್ 9ಕ್ಕೆ ಆ ತುಂಡು ಶುರುವಾಗಿ ಸ್ವಲ್ಪ ಉಸಿರಾಡಿದೆವು. ಆದರೂ ಮನೆಯಿಂದ ನಿಲ್ದಾಣಕ್ಕೆ ಶೇರ್ ಆಟೊ ಕಾಯಬೇಕು, ಅದು ತುಂಬಬೇಕು, ಹೊರಡಬೇಕು. ಹೋಗಿ ಬರಲು ದಿನಕ್ಕೆ ಮೂರೂವರೆ ತಾಸು. ರಾತ್ರಿ ಪಾಳಿ ಇದ್ದವನಿಗೆ ಹನ್ನೊಂದರ ಮೇಲೆ ಆ ನಾಲ್ಕು ಕಿಲೋಮೀಟರ್ ನಡಿಗೆಯೇ ಗತಿ, ಹಿಂದೆ ನಾಯಿಗಳು.

ಇನ್ನು ನೀರಿನ ಕಥೆ. 2023ರಲ್ಲಿ ಮಳೆ ಕೈಕೊಟ್ಟಿತ್ತು. 2024ರ ಫೆಬ್ರುವರಿ ಹೊತ್ತಿಗೆ ಮನೆಯ ಬೋರ್‌ವೆಲ್ ಗಾಳಿ ಉಗುಳತೊಡಗಿತು. ಆಮೇಲೆ ಟ್ಯಾಂಕರ್. ಒಂದು ಲೋಡಿಗೆ ಒಂದೊಂದು ವಾರ ಒಂದೊಂದು ರೇಟು. ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ಆದರೆ ಕಟ್ಟಿದ ದರಕ್ಕೆ ಫೋನ್ ಮಾಡಿದರೆ ಟ್ಯಾಂಕರ್ ಬರಬೇಕಲ್ಲ. ಬೆಳಗ್ಗೆ ಆರರಿಂದ ಏಳು, ಅಷ್ಟೇ ನಲ್ಲಿಯಲ್ಲಿ ನೀರು. ತುಂಗಭದ್ರೆಯ ಜಿಲ್ಲೆಯಿಂದ ಬಂದವರು ಬೆಂಗಳೂರಲ್ಲಿ ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದೆವು.

ಆ ಮಾರ್ಚ್‌ನಲ್ಲೇ ನಮ್ಮ ಗೆಳೆಯನ ತಾಯಿ ಬಂದರು. ಮಗ ಬೆಂಗಳೂರಲ್ಲಿ ಹೇಗಿದ್ದಾನೆ ನೋಡಬೇಕು ಅಂತ ನಾಲ್ಕು ದಿನಕ್ಕೆ ಬಂದವರು. ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬರುವಾಗಲೇ ಹೇಳಿದೆವು. "ಮ್ಯಾಲಿನ ಓನರ್ ಅಮ್ಮನ ಜೋಡಿ ಭಾಳ ಮಾತಾಡಬ್ಯಾಡ್ರಿ." ಯಾಕೆ ಅಂತ ಕೇಳಲಿಲ್ಲ. ತಲೆ ಅಲ್ಲಾಡಿಸಿದರು.

ಮರುದಿನ ಮಗನ ಬಟ್ಟೆ ಒಗೆಯಲು ಟ್ರಂಕು ತೆಗೆದರು. ಅದರ ತಳದಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಬಾಬಾಸಾಹೇಬರ ಫೋಟೋ. ಮಗ ಹಾಸ್ಟೆಲಿಗೆ ಹೊರಟಾಗ ಅವರೇ ಕುಷ್ಟಗಿ ಸಂತೆಯಲ್ಲಿ ಕೊಂಡು, ಕಟ್ಟು ಹಾಕಿಸಿ ಕೊಟ್ಟದ್ದು. ಹಾಸ್ಟೆಲಿನಲ್ಲಿ ಐದು ವರ್ಷ ಅದು ಅವನ ಮಂಚದ ಮೇಲಿನ ಗೋಡೆಯಲ್ಲಿತ್ತು.

"ಇದನ್ನ್ಯಾಕ ಟ್ರಂಕಿನ್ಯಾಗ ಇಟ್ಟೀಯೋ?"

"ಗ್ವಾಡಿಗೆ ಮಳಿ ಹೊಡಿಬ್ಯಾಡ್ರಿ ಅಂದಾರ ಯವ್ವಾ, ಓನರು."

ತಾಯಿ ಗೋಡೆ ನೋಡಿದರು. ಅಲ್ಲಿ ಮೊಳೆಗೆ ಗಣಪತಿ ಕ್ಯಾಲೆಂಡರ್ ನೇತಾಡುತ್ತಿತ್ತು. ಓನರ್ ಹೊಸ ವರ್ಷಕ್ಕೆ ಕೊಟ್ಟದ್ದು. ಅವರು ಮತ್ತೇನೂ ಕೇಳಲಿಲ್ಲ. ಫೋಟೋ ಒರೆಸಿ, ಟವೆಲ್ ಸುತ್ತಿ, ಇದ್ದಲ್ಲೇ ಇಟ್ಟರು. ನಾಲ್ಕು ದಿನಕ್ಕೆ ಬಂದವರು ಎರಡನೇ ದಿನ ರಾತ್ರಿಯೇ ಬಸ್ ಹತ್ತಿದರು. ಹೊಲದಲ್ಲಿ ಕೆಲಸ ಐತಿ ಅಂದರು. ಮಾರ್ಚ್‌ನಲ್ಲಿ ಹೊಲದಲ್ಲಿ ಏನು ಕೆಲಸ ಇರುತ್ತದೆ ಅಂತ ನಮಗೂ ಗೊತ್ತು.

ಓನರ್ ಕೆಟ್ಟವರು ಅಂತ ಬರೆದರೆ ಕೆಲಸ ಸುಲಭ. ಆದರೆ ಅದೇ ಗೆಳೆಯನಿಗೆ ಡೆಂಗಿ ಜ್ವರ ಬಂದಾಗ ಮೂರು ದಿನ ಗಂಜಿ ಮಾಡಿ ಕೊಟ್ಟವರು ಅವರ ಹೆಂಡತಿ. ಗೌರಿ ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸಿದ್ದರು. ಗೊತ್ತಾಗಿದ್ದರೆ ಆ ಗಂಜಿ ಬರುತ್ತಿತ್ತಾ? ಆ ಪ್ರಶ್ನೆಯನ್ನು ಅವನು ಜ್ವರದಲ್ಲೇ ನಮ್ಮನ್ನು ಕೇಳಿದ್ದ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಏಪ್ರಿಲ್ 14 ಬಂತು. ಇಡೀ ಬೆಂಗಳೂರಲ್ಲಿ ನೀಲಿ ಬಾವುಟ. ನಮ್ಮ ರೂಮಿನಲ್ಲಿ ಫೋಟೋ ಟ್ರಂಕಿನಲ್ಲೇ ಇತ್ತು. ಅವತ್ತು ರಾತ್ರಿ ಮನೆ ಬಿಡುವುದು ಅಂತ ಮೂವರೂ ತೀರ್ಮಾನ ಮಾಡಿದೆವು. ಮುಂದಿನ ಮನೆ ಎಲ್ಲೇ ಆಗಲಿ, ಬಾಗಿಲಲ್ಲಿ ನಿಜ ಹೇಳಿಯೇ ಒಳಗೆ ಹೋಗುವುದು ಅಂತಲೂ.

ಈ ಸಲ ಅವಸರ ಇರಲಿಲ್ಲ. 11 ತಿಂಗಳ ಕರಾರು ಮುಗಿಯಲು ಇನ್ನೂ ಒಂದು ತಿಂಗಳಿಗೂ ಹೆಚ್ಚು ಸಮಯ ಇತ್ತು. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಅದಕ್ಕೇ ಎಲ್ಲ ಕಡೆ 11 ತಿಂಗಳಿಗೇ ಬರೆಯುತ್ತಾರೆ. ಬ್ರೋಕರ್ ಹತ್ತಿರ ಹೋಗಲಿಲ್ಲ, ಅವರಿಗೆ ಒಂದು ತಿಂಗಳ ಬಾಡಿಗೆ ಕೊಡಬೇಕು. ಮೆಟ್ರೊದ ಇನ್ನೊಂದು ತುದಿಗೆ, ವಿಜಯನಗರ, ಅತ್ತಿಗುಪ್ಪೆ, ಹೊಸಹಳ್ಳಿ ಕಡೆ ಭಾನುವಾರ ಹೋಗಿ ಟು-ಲೆಟ್ ಬೋರ್ಡ್ ನೋಡುತ್ತ ಗಲ್ಲಿ ಗಲ್ಲಿ ನಡೆದೆವು.

ಏಳು ಮನೆ ಕೇಳಿದೆವು. ಎರಡು ಕಡೆ ಬಾಡಿಗೆ ಜಾಸ್ತಿ, ಒಂದು ಕಡೆ ಬ್ಯಾಚುಲರ್‌ಗಳಿಗೆ ಕೊಡಲ್ಲ. ಉಳಿದ ನಾಲ್ಕು ಕಡೆ ಆ ಪ್ರಶ್ನೆ ಬಂತು. ಗೆಳೆಯನೇ ಮುಂದೆ ನಿಂತು ಉತ್ತರ ಹೇಳಿದ. ಯಾರೂ ಬೈಯಲಿಲ್ಲ, ಯಾರೂ ಇಲ್ಲ ಅನ್ನಲಿಲ್ಲ. "ನಾಳೆ ಫೋನ್ ಮಾಡ್ತೀವಿ" ಅಂದರು. ಒಬ್ಬರು ನಂಬರನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡರು. ಒಂದೂ ಫೋನ್ ಬರಲಿಲ್ಲ.

ಎಂಟನೇ ಮನೆ ಮೂರನೇ ಮಹಡಿಯಲ್ಲಿ, ಒಬ್ಬ ವಯಸ್ಸಾದ ಅಮ್ಮನದು. ಬಾಡಿಗೆ 13,500. ಅಡ್ವಾನ್ಸ್ ಒಂದು ಲಕ್ಷ ಅಂದವರು 80,000ಕ್ಕೆ ಇಳಿದರು. ಐದನೇ ತಾರೀಖಿನೊಳಗೆ ಬಾಡಿಗೆ ಕೊಡ್ತೀರಾ, ಬೈಕ್ ಎಷ್ಟು, ಅಷ್ಟೇ ಕೇಳಿದ್ದು. ಕೇಳದಿದ್ದರೂ ಗೆಳೆಯ ತಾನೇ ಹೇಳಿದ. ಮಾಂಸದ ಅಡುಗೆ ಮಾಡುತ್ತೇವೆ ಅಂತಲೂ ಹೇಳಿದ. ಅಮ್ಮ ಸ್ವಲ್ಪ ಹೊತ್ತು ಅವನನ್ನು ನೋಡಿದರು. "ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗಿನ ಜಾವ ಬರತ್ತೆ. ನಂಗೆ ಮಂಡಿ ನೋವು. ಎದ್ದು ಮೋಟರ್ ಹಾಕೋಕೆ ಯಾರಾದ್ರೂ ಒಬ್ರು ಇರ್ತೀರಾ?" ಅಂದರು.

ಇದ್ದೇವೆ ಅಂದೆವು. ಈಗಲೂ ಆ ಕೆಲಸ ನಮ್ಮದೇ.

ದುಡ್ಡಿನ ಲೆಕ್ಕ ಹೇಳದಿದ್ದರೆ ಊರಲ್ಲಿ ಯಾರೂ ನಂಬುವುದಿಲ್ಲ, ಅದನ್ನೂ ಕೇಳಿ. ಹಳೇ ಮನೆಯಲ್ಲಿ ತಲಾ ಬಾಡಿಗೆ 2,667. ಆಟೊ, ಮೆಟ್ರೊ ಸೇರಿ ದಿನಕ್ಕೆ 110ರಂತೆ 25 ದಿನಕ್ಕೆ 2,750. ಬೇಸಿಗೆಯಲ್ಲಿ ಟ್ಯಾಂಕರ್ ಪಾಲು, ಕುಡಿಯುವ ಕ್ಯಾನ್ ಸೇರಿ 600. ಒಟ್ಟು 6,017. ಹೊಸ ಮನೆಯಲ್ಲಿ ಬಾಡಿಗೆ ತಲಾ 4,500, ಮೆಟ್ರೊ 1,250, ನೀರಿಗೆ 100. ಒಟ್ಟು 5,850. ಕೈಯಲ್ಲಿ ಉಳಿದದ್ದು ದಿನಕ್ಕೆ ಎರಡು ತಾಸು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯಿತು, ಹಾಗಾಗಿ ನಮ್ಮ ಈ ಲೆಕ್ಕ ಈಗ ಹಾಗೇ ನಿಲ್ಲುವುದಿಲ್ಲ. ಆದರೆ ಲೆಕ್ಕ ಹಾಕುವ ರೀತಿ ಇದೇ. ಬಾಡಿಗೆ, ದಾರಿ ಖರ್ಚು, ನೀರು ಮೂರನ್ನೂ ಕೂಡಿಸಿ ನೋಡಿ.

ಮನೆ ನೋಡಲು ಹೋದಾಗ ಇಷ್ಟು ಕೇಳಿ. ಕಾವೇರಿ ನೀರಾ, ಬೋರಾ? 110 ಹಳ್ಳಿಗಳಿಗಾಗಿ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿದೆ, ಆದರೆ ಆ ಮನೆಗೆ ಸಂಪರ್ಕ ತಗೊಂಡಿದ್ದಾರಾ ಕೇಳಿ. ಕರೆಂಟ್ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ? ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ನಮ್ಮ ಹಳೇ ಮನೆಯಲ್ಲಿ ಮೂರು ಮನೆಗೆ ಒಂದೇ ಮೀಟರ್ ಇದ್ದುದರಿಂದ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಟ್ಟೆವು. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ ಅಂತ ಮೊದಲೇ ಕೇಳಿ, ಕರಾರಿನಲ್ಲಿ ಬರೆಸಿ. ನಮಗೆ 8,000 ಹೋಯಿತು. ಮತ್ತೆ, ಭಾನುವಾರ ಮನೆ ನೋಡಿದರೂ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಂದ ಆಫೀಸಿಗೆ ಒಮ್ಮೆ ಹೋಗಿ ನೋಡಿ.

ಇನ್ನು, ಯಲಬುರ್ಗಾ ತಮ್ಮಾ, ನಿನ್ನ ಕೊನೆಯ ಪ್ರಶ್ನೆ.

ನಿಜ ಹೇಳು ಅಂತ ಹೇಳುವುದು ನಮಗೆ ಸುಲಭ. ನಿಜ ಹೇಳಿದರೆ ನಾಲ್ಕು ಬಾಗಿಲು ಮುಚ್ಚಿದ್ದನ್ನು ನಾವೇ ನೋಡಿದ್ದೇವೆ. ಸುಳ್ಳು ಹೇಳಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. ಆ ಸುಳ್ಳನ್ನು ದಿನಾ ಕಾಯಬೇಕು, ಅಡುಗೆ ವಾಸನೆಯಿಂದ ಹಿಡಿದು ಹೆತ್ತವ್ವನ ಮಾತಿನವರೆಗೆ. ನಾವು ಸುಳ್ಳು ಹೇಳಿದ್ದಕ್ಕೆ ಒಂದು ಕಾರಣ, ರಾತ್ರಿ ಮಲಗಲು ನಮಗೆ ಬೇರೆ ಜಾಗ ಇರಲಿಲ್ಲ. ನಿನಗೆ ಹಾಗಾಗುವುದು ಬೇಡ. ಬಾ, ನಮ್ಮ ರೂಮಿನಲ್ಲಿ ನಾಲ್ಕನೇ ಹಾಸಿಗೆ ಹಾಸುತ್ತೇವೆ. ಹದಿನೈದು ದಿನ ಅಲ್ಲ, ಮನೆ ಸಿಗುವ ತನಕ ಇರು. ಓನರ್ ಅಮ್ಮನಿಗೆ ಹೇಳಿದ್ದೇವೆ. ಮೋಟರ್ ಹಾಕಲು ಇನ್ನೊಬ್ಬ ಸಿಕ್ಕ ಅಂದರು.

ಹೊಸ ಮನೆಗೆ ಬಂದ ದಿನ, ಸಾಮಾನು ಬಿಚ್ಚುವ ಮೊದಲೇ ಒಂದು ಮೊಳೆ ಹೊಡೆದೆವು. ಆ ವರ್ಷ ದಸರಾ ರಜೆಗೆ ಗೆಳೆಯನ ತಾಯಿ ಮತ್ತೆ ಬಂದರು. ಎಂಟು ದಿನ ಇದ್ದರು. ಓನರ್ ಅಮ್ಮನ ಜೊತೆ ಮೆಟ್ಟಿಲ ಮೇಲೆ ಕೂತು ಮಂಡಿ ನೋವಿನ ಬಗ್ಗೆ, ಸೊಸೆಯಂದಿರ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಹೋಗುವಾಗ ಅರ್ಧ ಡಬ್ಬಿ ಶೇಂಗಾ ಚಟ್ನಿ ಅವರಿಗೆ ಕೊಟ್ಟು ಹೋದರು. ನಮಗೆ ಉಳಿದದ್ದು ಇನ್ನರ್ಧ.