ಗಡ್ಡಕ್ಕೆ ಮಳೆ, ತಲೆಗೆ ಬರ

ನಮ್ಮ ಮನೆಯಲ್ಲಿ ಈಗ ಕನ್ನಡಿಗೆ ಬಿಡುವಿಲ್ಲ. 17ರ ತಮ್ಮ ಗಡ್ಡ ಯಾಕೆ ಬರುವುದಿಲ್ಲ ಎಂದು ನೋಡುತ್ತಾನೆ, 26ರ ನಾನು ತಲೆಗೂದಲು ಯಾಕೆ ಹೋಗುತ್ತಿದೆ ಎಂದು ನೋಡುತ್ತೇನೆ. ಶುಭಶುಕ್ರವಾರದ ರೂಪಕದಲ್ಲಿ ಅವನಿಗೆ ಕೊಟ್ಟದ್ದು ಸಂತ ಯೊವಾನ್ನರ ಪಾತ್ರ. ಚಿತ್ರಗಳಲ್ಲಿ ಸಾಮಾನ್ಯವಾಗಿ ಗಡ್ಡವಿಲ್ಲದೆ ಕಾಣುವ ಪ್ರೇಷಿತರು ಅವರೇ ತಾನೆ! ನನ್ನನ್ನು ಕಾಸರಗೋಡಿನ ಮಲಯಾಳಿ ಗೆಳೆಯರು 'ಕಷಂಡಿ' ಎಂದು ಕರೆಯುತ್ತಾರೆ. ಅವರಲ್ಲಿ ಗಾದೆಯೇ ಇದೆ: ಅಸೂಯೆಗೂ ಕಷಂಡಿಗೂ ಮದ್ದಿಲ್ಲ.

ಕಡೆಗೆ ಮಂಗಳೂರಿನಲ್ಲಿ ಚರ್ಮದ ಡಾಕ್ಟರರನ್ನು ಕಂಡೆ. ಗಡ್ಡ ಬೆಳೆಸುವುದೂ ತಲೆ ಬೋಳಾಗಿಸುವುದೂ ಒಂದೇ ಹಾರ್ಮೋನು ಎಂದರು. ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಟೆಸ್ಟೋಸ್ಟಿರೋನ್ ರಕ್ತದಲ್ಲಿ ಇಡೀ ಮೈಗೆ ಹರಿಯುತ್ತದೆ. ಅದನ್ನು ಹೇಗೆ ತೆಗೆದುಕೊಳ್ಳಬೇಕು ಎನ್ನುವುದು ಆಯಾ ಕೂದಲಿನ ಬುಡಕ್ಕೆ ಬಿಟ್ಟದ್ದು. ಗದ್ದೆ ಬೇಡುವ ಮಳೆಯೇ ಕರಿಮೆಣಸಿನ ಬಳ್ಳಿಯ ಬುಡ ಕೊಳೆಸುವುದನ್ನು ನಾವು ಪ್ರತಿ ಆಷಾಢದಲ್ಲಿ ನೋಡುವುದಿಲ್ಲವೇ? ಹಾಗೆಯೇ ಇದು. ಕಣ್ಣಿನ ರೆಪ್ಪೆಗೂದಲಿಗೆ ಈ ಹಾರ್ಮೋನಿನ ಗೊಡವೆಯೇ ಇಲ್ಲ, ಹುಟ್ಟಿದ ಮಗುವಿಗೂ ಅದು ಇರುತ್ತದೆ. ಕಂಕುಳ ಕೂದಲಿಗೆ ಸ್ವಲ್ಪ ಸಾಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಹುಡುಗಿಯರಲ್ಲೂ ಅಷ್ಟನ್ನು ಒದಗಿಸುತ್ತದೆ. ಮೀಸೆ, ಗಡ್ಡ, ಎದೆಯ ಕೂದಲಿಗೆ ಮಾತ್ರ ಗಂಡಸಿನ ಪ್ರಮಾಣವೇ ಬೇಕು. ಅದರಲ್ಲೂ ಗಡ್ಡದ ಬುಡದಲ್ಲಿ ಒಂದು ಕಿಣ್ವ ಟೆಸ್ಟೋಸ್ಟಿರೋನನ್ನು ಇನ್ನೂ ಬಲವಾದ ಡಿಎಚ್‌ಟಿ ಆಗಿ ಮಾರ್ಪಡಿಸಬೇಕು.

ಅದೇ ಡಿಎಚ್‌ಟಿ ನೆತ್ತಿಯಲ್ಲಿ ಬೇರೆ ಆಟ ಆಡುತ್ತದೆ. ವಂಶದಿಂದ ಆ ಗುಣ ಬಂದವರಲ್ಲಿ ಕೂದಲು ಬೆಳೆಯುವ ಅವಧಿ ಸುತ್ತಿನಿಂದ ಸುತ್ತಿಗೆ ಕಿರಿದಾಗಿ, ಎಳೆ ತೆಳುವಾಗಿ, ಕೊನೆಗೆ ಬರೀ ರೋಮ ಉಳಿಯುತ್ತದೆ. ಆದರೆ ತಲೆಯ ಹಿಂಭಾಗದ ಕೂದಲು ಇದಕ್ಕೆ ಜಗ್ಗುವುದಿಲ್ಲ. ಅಲ್ಲಿಂದ ಕಿತ್ತು ನೆತ್ತಿಗೆ ನೆಟ್ಟರೂ ತನ್ನ ಹಳೆಯ ಗುಣವನ್ನು ಬಿಡುವುದಿಲ್ಲ ಎಂದು 1959ರಲ್ಲಿ ಅಮೆರಿಕದ ನಾರ್ಮನ್ ಒರೆಂಟ್ರೈಕ್ ತೋರಿಸಿದರು. ಇಂದಿನ ಕೂದಲು ಕಸಿ ನಿಂತಿರುವುದು ಇದರ ಮೇಲೆಯೇ.

1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬವರು ಪ್ರಾಯ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರನ್ನು ಪರೀಕ್ಷಿಸಿದ್ದರು. ಅವರ ತಲೆ ಬೋಳಾಗಿರಲಿಲ್ಲ. ಟೆಸ್ಟೋಸ್ಟಿರೋನ್ ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಅಂದರೆ ಹಾರ್ಮೋನೂ ಬೇಕು, ವಂಶದ ಗುಣವೂ ಬೇಕು. ಬೋಳುತಲೆಯವನಿಗೆ ಗಂಡಸುತನ ಜಾಸ್ತಿ ಎಂದು ಕ್ಷೌರದಂಗಡಿಯಲ್ಲಿ ಹೇಳುವುದುಂಟಲ್ಲ, ಕೇಳಲು ನನಗೂ ಖುಷಿಯೇ, ಆದರೆ ನಿಜವಲ್ಲ. ಹಾರ್ಮೋನಿನ ಪ್ರಮಾಣ ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತದೆ. ದಿನಾ ಶೇವ್ ಮಾಡಿದರೆ ಗಡ್ಡ ದಟ್ಟವಾಗುತ್ತದೆ ಎಂದು ಅಪ್ಪ ತಮ್ಮನಿಗೆ ಹೇಳುವುದೂ ಅಷ್ಟೇ. ಬ್ಲೇಡು ಕೂದಲಿನ ಚೂಪು ತುದಿಯನ್ನು ಕತ್ತರಿಸುತ್ತದೆ, ಉಳಿದ ಮೊಂಡು ತುದಿ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಗಡ್ಡ ತುಂಬಲು ಕೆಲವರಿಗೆ 25 ದಾಟಬೇಕು.

ಮದ್ದು ಇಲ್ಲವೆಂದಲ್ಲ. ಆ ಕಿಣ್ವವನ್ನು ತಡೆಯುವ ಫಿನಾಸ್ಟಿರೈಡ್ 1997ರಿಂದ ಬೋಳುತಲೆಗೆ ಬಳಕೆಯಲ್ಲಿದೆ. ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ, ಅಡ್ಡಪರಿಣಾಮವೂ ಉಂಟು, ಡಾಕ್ಟರರನ್ನು ಕೇಳದೆ ನುಂಗುವ ಮಾತ್ರೆಯಲ್ಲ. ನಾನು ಸದ್ಯ ಬೇಡ ಎಂದೆ. ಗಾದೆಯಲ್ಲಿ ಇನ್ನು ಅಸೂಯೆಯೊಂದೇ ಉಳಿಯಿತು.

ಯಾಜಕಕಾಂಡದ 13ನೇ ಅಧ್ಯಾಯ ನನಗೆ ಇಷ್ಟವಾದದ್ದು ಇತ್ತೀಚೆಗೆ. ಚರ್ಮರೋಗದ ಅಷ್ಟೆಲ್ಲ ಕಟ್ಟಳೆಗಳ ನಡುವೆ, ಕೂದಲು ಉದುರಿದವನು ಬೋಳನಾದರೂ ಶುದ್ಧನೇ ಎಂದು ಅಲ್ಲಿ ಹೇಳಿದೆ. ಕೂದಲಿನ ವಿಷಯಕ್ಕೆ ಯಾರನ್ನೂ ಪಾಳೆಯದಿಂದ ಹೊರಗೆ ಹಾಕುವಂತಿರಲಿಲ್ಲ. ನಮ್ಮಲ್ಲಿ ಹೊರಗೆ ಉಳಿದದ್ದು ನನ್ನ ಚಿಕ್ಕಮ್ಮನ ಮಗಳು. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಹೆಂಗಸರ ಮೈಯಲ್ಲೂ ಈ ಹಾರ್ಮೋನು ಸ್ವಲ್ಪ ಇರುತ್ತದೆ. ಪಿಸಿಓಎಸ್ ಇದ್ದರೆ ಅದು ಹೆಚ್ಚಾಗಿ, ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ದಪ್ಪ ಕೂದಲು ಬರಬಹುದು. ಬಲಿಪೂಜೆಯ ನೇರಪ್ರಸಾರದಲ್ಲಿ ಕ್ಯಾಮೆರಾ ಅವಳ ಮುಖದ ಹತ್ತಿರ ಹೋಗಿತ್ತು. ಮರುದಿನ ವಾಟ್ಸಾಪಿನಲ್ಲಿ ಯಾರೋ ಮೀಸೆಯ ತಮಾಷೆ ಹಾಕಿದರು. ಅವಳು ನಾಲ್ಕು ತಿಂಗಳು ಗಾಯನ ವೃಂದಕ್ಕೆ ಬರಲಿಲ್ಲ, ವಾಚನಕ್ಕೂ ಬರಲಿಲ್ಲ. "ಅಣ್ಣ, ನಿನ್ನ ಕೂದಲು ಹೋದರೆ ನಗುತ್ತಾರೆ, ನನಗೆ ಬಂದರೆ ಅಸಹ್ಯಪಡುತ್ತಾರೆ" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿಕ್ಕಮ್ಮ ಅವಳನ್ನು ಸ್ತ್ರೀರೋಗ ತಜ್ಞೆಯ ಬಳಿ ಕರೆದುಕೊಂಡು ಹೋದರು. ಮದ್ದು ಶುರುವಾಗಿದೆ. ಒಂದೊಂದು ಕೂದಲಿನ ಸುತ್ತು ಮುಗಿಯಲು ತಿಂಗಳುಗಟ್ಟಲೆ ಬೇಕು, ಫಲ ಕಾಣಲು ಆರು ತಿಂಗಳಾದರೂ ಕಾಯಬೇಕು ಎಂದಿದ್ದಾರಂತೆ. ಅವಳು ಕಾಯಲಿಲ್ಲ. ಹೋದ ಭಾನುವಾರ ಎರಡನೆಯ ವಾಚನ ಅವಳದೇ ಆಗಿತ್ತು.